ಆಗಬೋಟಿನಲ್ಲಿ ಜಮಾದಾರರ ಬಾಟ್ಲಿ

೨ ಅಕ್ಟೋಬರ್ ೧೯೬೩, ಬುಧವಾರ. ಹಾನಗಲ್

ಪಾನನಿರೋಧ ಸಪ್ತಾಹ ಇಂದು ಶುರುವಾಯಿತು. ಪ್ರತಿವರ್ಷದ ಹಾಗೆ ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿಯಾದ ನಾನು ಭಾಷಣ ಮಾಡಬೇಕು, ಶಾಲಾ ಸಮಿತಿಯ ಅಧ್ಯಕ್ಷ ಚನ್ನವೀರಪ್ಪನವರು ಹಾರ ಹಾಕಿಸಿಕೊಳ್ಳಬೇಕು. ಮದ್ಯವೆಂಬುದು ಮನೆ ಸುಡುವ ಬೆಂಕಿ ಎಂದು ನಾನು ಹೇಳುವಾಗ ಹಿಂದಿನ ಸಾಲಿನ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಾಕೆಂದು ನನಗೆ ಗೊತ್ತು. ಆ ಹೊತ್ತಿಗೆ ನಮ್ಮ ಮನೆಯ ಬೆಂಕಿ ಕುಂಬಾರ ಓಣಿಯ ಕಟ್ಟೆಯ ಮೇಲೆ ಬಾಯಿ ತೆರೆದು ಬಿದ್ದುಕೊಂಡಿತ್ತು.

ಜಮಾದಾರ ಅಜ್ಜಪ್ಪ. ನನ್ನ ತಂದೆ. ನಮ್ಮ ಸೀಮೆ ಮುಂಬಯಿ ಸರಕಾರದ ಕೈಯಲ್ಲಿದ್ದಾಗ ಹಿರೇಕೆರೂರಿನಲ್ಲಿ ದಾರೂಬಂದಿ ಪಾರ್ಟಿಯ ಜಮಾದಾರ. ಮೈಸೂರು ಸೀಮೆಯಿಂದ ಗಡಿ ದಾಟಿ ಬರುವ ಸೆರೆಯನ್ನು, ಕಳ್ಳ ಹೆಂಡವನ್ನು, ಹಿಡಿಯುವುದು, ಬದುವಿನಲ್ಲಿ ಹೂತಿಟ್ಟ ಗಡಿಗೆಗಳನ್ನು ಲಾಠಿಯಿಂದ ಒಡೆಯುವುದು ಅವರ ನೌಕರಿ. ಸುತ್ತಲ ಹಳ್ಳಿಗಳಲ್ಲಿ ಅವರ ಹೆಸರು ಕೇಳಿದರೆ ನಾಯಿಗಳು ಸಹ ಬೊಗಳುವುದನ್ನು ನಿಲ್ಲಿಸುತ್ತಿದ್ದವಂತೆ. ಪೆನ್ಶನ್ ಆದದ್ದೇ ತಡ, ಹಾಡುಹಗಲೇ ಕುಡಿಯತೊಡಗಿದರು. ನಾಲ್ಕು ವರ್ಷದ ಹಿಂದೆ ಅವ್ವ ತೀರಿಕೊಂಡಾಗ, ಮಣ್ಣು ಕೊಡುವ ಹೊತ್ತಿಗೆ ಈ ಮನುಷ್ಯನಿಗೆ ನಿಲ್ಲಲಾಗಲಿಲ್ಲ. ಗುಂಡಿಯ ದಂಡೆಯ ಮೇಲೆ ಕುಂತು ಮಣ್ಣನ್ನು ತನ್ನ ತೊಡೆಯ ಮೇಲೆಯೇ ಸುರಿದುಕೊಂಡರು. ಅದನ್ನು ನಾನು ನೋಡಿದ್ದೇನೆ. ಊರೆಲ್ಲ ನೋಡಿದೆ.

ಸಂಜೆ ಅವರನ್ನು ಹಿತ್ತಲ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದೆ. ಸಪ್ತಾಹ ಮುಗಿಯುವ ತನಕ ತೆಗೆಯುವುದಿಲ್ಲ. ಒಂದು ವಾರವಾದರೂ ನಾನು ಹೇಳಿದ್ದಕ್ಕೂ ನನ್ನ ಮನೆಯಲ್ಲಿ ನಡೆಯುವುದಕ್ಕೂ ತಾಳಮೇಳ ಇರಲಿ.

೫ ಅಕ್ಟೋಬರ್

ಮುಂಜಾನೆ ಕೋಣೆಯೊಳಗೆ ಗಡಿಗೆ ಉರುಳಿದ ಸದ್ದು. ತೆಗೆದು ನೋಡಿದರೆ ನೆಲದ ಮೇಲೆ ಬಿದ್ದು ಕೈಕಾಲು ಸೆಟೆಸುತ್ತಿದ್ದರು, ಬಾಯಲ್ಲಿ ನೊರೆ. ಎಚ್ಚರಾದ ಮೇಲೆ ಗೋಡೆಯ ತುಂಬ ಇರುವೆ ಹರಿದಾಡುತ್ತಿವೆ ಎಂದು ಧೋತರದಿಂದ ಗೋಡೆ ಒರೆಸತೊಡಗಿದರು. ಅಲ್ಲಿ ಒಂದು ಇರುವೆಯೂ ಇರಲಿಲ್ಲ.

ದವಾಖಾನೆಯ ಡಾಕ್ಟರು ನನ್ನ ಮೇಲೆಯೇ ಹರಿಹಾಯ್ದರು. "ಅಕ್ಕೋರ, ಭಾಷಣಾ ಸಾಲ್ಯಾಗ ಮಾಡ್ರಿ. ರೋಗಿ ಮ್ಯಾಲೆ ಮಾಡಬ್ಯಾಡ್ರಿ. ಇಷ್ಟು ವರ್ಷದ್ದು ಒಮ್ಮಿಗೆಲೆ ಬಿಡಿಸಿದ್ರ ಮನಷ್ಯಾ ಸಾಯ್ತಾನ."

"ಹಂಗಾರ ಏನ್ ಮಾಡ್ಲಿ? ನಾನ ಕುಡಸ್ಲೇನು?"

"ಹೌದು, ನೀವ ಕುಡಸ್ರಿ. ಔಷಧದಂಗ ಅಳದು. ದಿನಕ್ಕ ನಾಕು ಸಲ ಮೂರ್ಮೂರು ಔನ್ಸ್. ಹದಿನೈದು ದಿನಕ್ಕೊಮ್ಮೆ ಅರ್ಧ ಔನ್ಸ್ ಇಳಸ್ರಿ. ಹೊಸ ವರ್ಷಕ್ಕ ಸೊನ್ನಿಗೆ ಬರ್ತೇತಿ. ನಡುವ ಒಂದು ಹೊತ್ತೂ ತಪ್ಪಸಬ್ಯಾಡ್ರಿ."

ಸಪ್ತಾಹ ಮುಗಿಯಲು ಇನ್ನೂ ಮೂರು ದಿನವಿದೆ. ಮುಖ್ಯಾಧ್ಯಾಪಕಿ ಸರೋಜವ್ವ ಮನೆಯಲ್ಲಿ ಸೆರೆ ಅಳೆಯುತ್ತಿದ್ದಾಳೆ.

೧೪ ಅಕ್ಟೋಬರ್

ಧಾರವಾಡದಿಂದ ಪರ್ಮಿಟ್ಟು ಬಂತು. ದಾರೂಬಂದಿ ಇರುವ ಜಿಲ್ಲೆಯಲ್ಲಿ ಕುಡಿಯಬೇಕಾದರೆ ಸರಕಾರದ ಸರ್ಟಿಫಿಕೇಟು ಬೇಕು, ಅದರಲ್ಲಿ ಹೆಸರಿನ ಮುಂದೆ 'ವ್ಯಸನಿ' ಎಂದು ಬರೆದಿರಬೇಕು. ಜಮಾದಾರರು ಅದನ್ನು ಓದಿ ಮಡಚಿ ಕಿಸೆಗೆ ಇಟ್ಟುಕೊಂಡರು. ಮೂವತ್ತು ವರ್ಷದ ಸೇವೆಗೆ ಅವರಿಗೆ ಸಿಕ್ಕ ಮುದ್ರೆ ಹೊತ್ತ ಕಾಗದ ಅದೊಂದೇ ಇರಬೇಕು.

ಹುಬ್ಬಳ್ಳಿಯಿಂದ ತರಿಸಿದ ಬ್ರಾಂಡಿ ಈಗ ನನ್ನ ಕಪಾಟಿನಲ್ಲಿ ವ್ಯಾಕರಣ ಪುಸ್ತಕಗಳ ಹಿಂದೆ ಇದೆ. ಬೀಗದ ಕೈ ಎಂಟು ವರ್ಷದಿಂದ ತಾಳಿ ಇಲ್ಲದ ನನ್ನ ಕೊರಳಲ್ಲಿ, ಲಿಂಗದ ಕರಡಿಗೆಯ ಪಕ್ಕದಲ್ಲಿ. ಹೊತ್ತಿಗೆ ಸರಿಯಾಗಿ ಬಂದು ಕಪಾಟಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ, ಪಾಠ ಒಪ್ಪಿಸಲು ಬಂದ ಹುಡುಗಿಯ ಹಾಗೆ. ಅಸಹ್ಯ.

೨೭ ಅಕ್ಟೋಬರ್, ಭಾನುವಾರ

ಎರಡೂವರೆ ಔನ್ಸಿಗೆ ಇಳಿದು ಒಂದು ವಾರವಾಯಿತು. ನಡುಕ ಕಡಿಮೆ.

ಇವತ್ತು ದುರಗವ್ವ ಬಂದಿದ್ದಳು. ಚಿಕ್ಕೇರೂರಿನವಳು, ಈಗ ಇಲ್ಲಿನ ಸಂತೆಯಲ್ಲಿ ಸೊಪ್ಪು ಮಾರುತ್ತಾಳೆ. ಹಿಂದೆ ಭಟ್ಟಿ ಸೆರೆ ಕಾಯಿಸುತ್ತಿದ್ದಳು, ಜಮಾದಾರರು ಎರಡು ಸಲ ಅವಳನ್ನು ಜೈಲಿಗೆ ಕಳಿಸಿದ್ದರು. ಪೆನ್ಶನ್ ಆದ ಮೇಲೆ ಅವರಿಗೆ ಕದ್ದು ಸೆರೆ ಕೊಡುತ್ತಿದ್ದವಳೂ ಇವಳೇ. ಎಂಥ ಬಾಂಧವ್ಯ! ಬಾಗಿಲಲ್ಲೇ ನಿಲ್ಲಿಸಿ ಯಾಕೆ ಬಂದೆ ಎಂದೆ.

"ಜಮಾದಾರ್ರಿಗೆ ಆರಾಮಿಲ್ಲಂತ ಕೇಳಿದ್ನಿರಿ. ಪುಂಡಿಪಲ್ಲೆ ತಂದೇನಿ."

"ಎರಡ ಸಲ ಜೇಲಿಗೆ ಹಾಕಿದವ್ರಿಗೆ ಪಲ್ಲೆ ತಂದಿಯೇನು?"

"ಅದು ಅವರ ನೌಕರಿ ಬಿಡ್ರಿ ಅಕ್ಕೋರ. ನನ್ನ ಹೊಡದಿಲ್ಲ, ಬೈದಿಲ್ಲ. ಅವರ ನಾಲಿಗಿ ಕೆಡಿಸಿದವ್ರು ನಾವಲ್ಲರಿ."

ಏನೆಂದು ಕೇಳಿದರೆ ಹೇಳಿದಳು. ಗಡಿಗೆ ಹಿಡಿದಾಗ ಪಂಚನಾಮೆ ಆಗಬೇಕಲ್ಲ, ಅದು ಸೆರೆಯೋ, ಇನ್ನೂ ಕಾಯಿಸದ ಬೆಲ್ಲದ ಕೊಳೆಯೋ, ಕಟ್ಟಿಗೆಗೆ ಹಚ್ಚುವ ಪಾಲಿಶ್ ಎಣ್ಣೆಯೋ ಎಂದು ಗೊತ್ತಾಗಬೇಕು. ಪಾರ್ಟಿಯ ಸಾಹೇಬನಿಗೆ ಮುಟ್ಟಿದರೆ ಮೈಲಿಗೆ. "ಏ ಅಜ್ಜಪ್ಪ, ನೋಡು" ಅನ್ನುತ್ತಿದ್ದನಂತೆ. ಇವರು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ಉಗುಳುತ್ತಿದ್ದರಂತೆ. ಬೆರಳು ಸಾಲದು ಎಂದು ಆಮೇಲೆ ಗುಟುಕು. "ಮೊದಲನೇ ಸಲ ನಮ್ಮ ಹಿತ್ತಲದಾಗ ಗುಟುಕ ತಗೊಂಡು ಕಾರಿಕೊಂಡ್ರು ನೋಡ್ರಿ. ಕೊರಳಾಗಿನ ಲಿಂಗಾ ಮುಟಗ್ಯಾಗ ಹಿಡಕೊಂಡು ಅತ್ರು. ದಿನಕ್ಕ ಹತ್ತ ಗಡಗಿ ಹಿಡದ್ರ ಹತ್ತ ಗುಟುಕು. ಉಗಳೂದು ಯಾವಾಗ ನಿಂತಿತೋ, ಅವರಿಗೂ ಗೊತ್ತಿಲ್ಲ."

ಕುಡುಕರಿಗೆ ನೆವಗಳಿಗೇನು ಬರ? ಕುಡುಕರಿಗೆ ಸೆರೆ ಮಾರಿದವರಿಗೂ ಬೇಕಾದಷ್ಟು ನೆವ. ಆದರೆ ಆ ಸಾಹೇಬ ಎಂಬುವನು ಈಗ ಎಲ್ಲಿದ್ದಾನೋ. ಮಡಿಯಿಂದ ಊಟ ಮಾಡುತ್ತಿರಬೇಕು.

ಪುಂಡಿಪಲ್ಲೆ ಇಟ್ಟುಕೊಂಡೆ. ಕೆಟ್ಟು ಹೋಗುವುದು ಬೇಡವೆಂದು.

೧೦ ನವೆಂಬರ್

ತಮ್ಮ ನೀಲಪ್ಪನಿಂದ ಪತ್ರ ಬಂತು. ಆರು ವರ್ಷದಿಂದ ಮುಂಬಯಿಯಲ್ಲಿ ಆಗಬೋಟಿನ ಕಂಪನಿಯಲ್ಲಿ ಗುಮಾಸ್ತನಾಗಿದ್ದಾನೆ. "ಆರು ವರ್ಷ ನಾನು ನೋಡಿಕೊಂಡೆ, ಇನ್ನು ನಿನ್ನ ಪಾಳಿ, ಅಪ್ಪನನ್ನು ಕರೆದುಕೊಂಡು ಹೋಗು" ಎಂದು ಬರೆದಿದ್ದೆ. ಕಂಪನಿಯ ನೌಕರರ ಮನೆಯವರಿಗೆ ಸಿಗುವ ಎರಡು ಪಾಸು ಕಳಿಸಿದ್ದಾನೆ. ಪಣಜಿಯಿಂದ ಮುಂಬಯಿಗೆ ಕ್ಯಾಬಿನ್ನಿನಲ್ಲಿ ಪ್ರಯಾಣ. ತಾನು ಬರುವುದಿಲ್ಲ, ರಜೆ ಇಲ್ಲ.

ನಾನೇ ಕರೆದುಕೊಂಡು ಹೋಗಿ ಒಪ್ಪಿಸಿ ರೈಲು ಹಿಡಿದು ವಾಪಸು ಬರುವುದು. ಅಲ್ಲಿಗೆ ಮುಗಿಯಿತು. ಜಮಾದಾರರಿಗೆ ಹೇಳಿದೆ. "ಆಗಬೋಟು ಅಂದ್ರ ಸಮುದ್ರದಾಗ?" ಅಂದರು. ಮತ್ತೇನು, ನಮ್ಮೂರ ಆನಿಕೆರೆಯಲ್ಲೇ? ಅವರಿಗೆ ಸಂತೋಷವಾದಂತಿತ್ತು. ಮಗಳು ಬಿಟ್ಟು ಬರುತ್ತಾಳೆ ಎಂಬುದು ತಿಳಿಯಿತೋ ಇಲ್ಲವೋ.

೨೫ ನವೆಂಬರ್. ಪಣಜಿ

ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ಲೋಂಡಾ ಮೇಲೆ ಹಾಯ್ದು ಮಡಗಾಂವಕ್ಕೆ ರೈಲು, ಮತ್ತೆ ಬಸ್ಸು. ಈಗ ಒಂದೂವರೆ ಔನ್ಸು, ನಾಲ್ಕು ಸಲ. ರೈಲಿನಲ್ಲಿ ಎದುರಿಗೆ ಕುಂತವರಿಗೆ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಅಳೆದು ಕೊಟ್ಟೆ. ಒಂದು ಹನಿಯೂ ಚೆಲ್ಲಲಿಲ್ಲ. ಕೈ ಪಳಗಿದೆ.

ಈ ಊರಿನಲ್ಲಿ ಸೆರೆ ಅಂಗಡಿಗಳು ನಮ್ಮಲ್ಲಿ ಕಿರಾಣಿ ಅಂಗಡಿ ಇದ್ದ ಹಾಗಿವೆ. ಜಮಾದಾರರು ನೆಲ ನೋಡುತ್ತ ನಡೆದರು. ನಾಟಕವಿರಬೇಕು.

೨೬ ನವೆಂಬರ್, ಮಂಗಳವಾರ. ಆಗಬೋಟು

ಎಲ್ಲವನ್ನೂ ಬರೆಯಬೇಕು. ಇಲ್ಲವಾದರೆ ನಾನೇ ನಂಬುವುದಿಲ್ಲ.

ಮುಂಜಾನೆ ಹತ್ತುವಾಗ ಹಲಗೆ ಸೇತುವೆಯ ಬುಡದಲ್ಲಿ ಒಂದು ಫಲಕ ಇತ್ತು. ಸ್ವಂತ ಮದ್ಯವನ್ನು ಆಗಬೋಟಿನೊಳಗೆ ಒಯ್ಯಕೂಡದು, ಇದ್ದವರು ಅಧಿಕಾರಿಗೆ ಒಪ್ಪಿಸತಕ್ಕದ್ದು. ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ರಿಜಿಸ್ಟರು, ಅದರ ಹಿಂದೆ ಬಿಳಿ ಡ್ರೆಸ್ಸಿನ ಅಧಿಕಾರಿ. ಮುಂದೆ ನಿಂತಿದ್ದವರು ಏನೇನು ಮಾಡಲಿಲ್ಲ! ಒಬ್ಬಾಕೆ ಮಲಗಿದ ಕೂಸಿನ ದುಪ್ಪಟಿಯೊಳಗೆ, ಒಬ್ಬ ದಪ್ಪ ಮನುಷ್ಯ ಕುಂಬಳಕಾಯಿ ಕೊರೆದು ಅದರೊಳಗೆ. ಅವರೆಲ್ಲ ನಗುತ್ತ ದಾಟಿಹೋದರು. ನಾನು ಕಳ್ಳಿಯಲ್ಲ. ಬಾಟ್ಲಿ ತೆಗೆದೆ, ಪರ್ಮಿಟ್ಟು ತೆಗೆದೆ, ಡಾಕ್ಟರರ ಚೀಟಿ ತೆಗೆದೆ.

ಜಮಾದಾರರು ನನ್ನ ಮುಂಗೈ ಹಿಡಿದರು. "ಕೊಡಬ್ಯಾಡ ಸರೋಜಾ. ಆ ಮೇಜಿನ ಆಚಿಕಡೆ ನಾ ಕುಂತೇನಿ. ಕೊಟ್ಟದ್ದು ತಿರಗಿ ಬರಂಗಿಲ್ಲ."

"ನಿಮ್ಮಂಥವರು ಕುಂತಿದ್ದಕ್ಕ ಬರ್ತಿದ್ದಿಲ್ಲ" ಅಂದೆ. ಕೈ ಬಿಟ್ಟರು.

ಅಧಿಕಾರಿ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಮಧ್ಯಾಹ್ನದ ಹೊತ್ತಿಗೆ ನನ್ನ ಕೋಣೆಗೆ ಬನ್ನಿ, ಒಂದು ಪಾಲು ಕೊಡುತ್ತೇನೆ ಎಂದ. ರಿಜಿಸ್ಟರಿನಲ್ಲಿ ಒಪ್ಪಿಸಿದವರ ಹೆಸರು ಎಂದು ನನ್ನದೇ ಬರೆದುಕೊಂಡ.

ಹತ್ತು ಗಂಟೆಗೆ ಆಗಬೋಟು ಹೊರಟಿತು. ಕೂಗು ಹಾಕಿದಾಗ ಎಲ್ಲರೂ ಕಿವಿ ಮುಚ್ಚಿಕೊಂಡರು, ಜಮಾದಾರರು ಮಾತ್ರ ಅಟೆನ್ಶನ್ ನಿಂತರು. ಆಮೇಲೆ ಅಂಚಿನ ಕಟಾಂಜನ ಹಿಡಿದು ಬಹಳ ಹೊತ್ತು ನೋಡಿದರು. "ಇಷ್ಟು ನೀರು ಐತಿ, ಒಬ್ಬನೂ ಕಾಯಾಕತ್ತಿಲ್ಲ ನೋಡು" ಅಂದರು. ನನಗೆ ನಗು ಬಂತು. ಕಾಣದ ಹಾಗೆ ಆಕಡೆ ತಿರುಗಿದೆ.

ಡೆಕ್ಕಿನ ಮೇಲೆ ಒಬ್ಬ ನಮ್ಮ ಕಡೆಯವನೇ ಸಿಕ್ಕ. ಸವಣೂರಿನ ವೀಳ್ಯದೆಲೆ ವ್ಯಾಪಾರಿ, ಚಂದ್ರಪ್ಪ ಎಂದು. ಹಾನಗಲ್ಲಿನ ಅಕ್ಕೋರು ಎಂದು ಗೊತ್ತಾದ ಮೇಲೆ ಬಾಯಿಗೆ ಬಿಡುವಿಲ್ಲ. ಚನ್ನವೀರಪ್ಪನವರು ತನಗೆ ಬಹಳ ಬೇಕಾದವರಂತೆ.

ಮಧ್ಯಾಹ್ನ ಅಧಿಕಾರಿಯ ಕೋಣೆಗೆ ಹೋದೆ. ಊಟ ಮಾಡುತ್ತಿದ್ದಾರೆ ಎಂದರು. ಒಂದು ಗಂಟೆಗೆ ಹೋದೆ, ಮಲಗಿದ್ದಾರೆ. ಎರಡಕ್ಕೆ ಹೋದಾಗ ಅವನು ಗೆಳೆಯರಿಬ್ಬರ ಜೊತೆ ಇಸ್ಪೀಟು ಆಡುತ್ತಿದ್ದ. ಎಲೆಯಿಂದ ಕಣ್ಣು ಎತ್ತದೆ, ಪರ್ಮಿಟ್ಟು ಮೈಸೂರು ಸರಕಾರದ್ದು, ಗೋವೆಯ ಗಡಿ ದಾಟಿಯಾಯಿತು, ಇದು ಈಗ ನಡೆಯುವುದಿಲ್ಲ ಎಂದ. ಡಾಕ್ಟರರ ಚೀಟಿ ತೋರಿಸಿದೆ. ಅದು ಕನ್ನಡದಲ್ಲಿದೆ ಎಂದ.

ಮೂರು ಗಂಟೆಗೆ ಜಮಾದಾರರ ನಡುಕ ಶುರುವಾಯಿತು. ಮೊದಲು ಬೆರಳು, ಆಮೇಲೆ ಗದ್ದ. ಬೆವರು ನೀರಿನಂತೆ ಇಳಿಯತೊಡಗಿತು. ಕ್ಯಾಬಿನ್ನಿನ ಗೋಡೆ ಒರೆಸಲು ಎದ್ದರು. ಅವರನ್ನು ಹಿಡಿದು ಕುಳ್ಳಿರಿಸಿದೆ. ಹಗುರಾಗಿದ್ದರು. ಇವರು ಇಷ್ಟು ಹಗುರ ಯಾವಾಗ ಆದರು?

"ಸರೋಜಾ, ಇಲ್ಲೂ ಇರಿವಿ ಅದಾವು."

"ಅದಾವು" ಅಂದೆ. "ನಾ ಒರಸ್ತೇನಿ. ನೀವು ಕುಂತ್ಕೋರಿ." ಸೆರಗಿನಿಂದ ಗೋಡೆ ಒರೆಸಿದೆ. ಏನು ಮಾಡುವುದು, ಇಲ್ಲವೆಂದರೆ ಎದ್ದು ಬೀಳುತ್ತಿದ್ದರು. ಚಂದ್ರಪ್ಪನನ್ನು ಕರೆದು ಅವರ ಪಕ್ಕ ಕುಳ್ಳಿರಿಸಿ ಮತ್ತೆ ಓಡಿದೆ.

ಈ ಸಲ ಬಾಗಿಲು ತಟ್ಟಲಿಲ್ಲ, ಒಳಗೆ ಹೋದೆ. ನನ್ನ ತಂದೆ ಸಾಯುತ್ತಾರೆ, ಬಾಟ್ಲಿ ಕೊಡಿ ಎಂದೆ. ಅಧಿಕಾರಿ ರಿಜಿಸ್ಟರು ತೆಗೆದು ಬೆರಳಿಟ್ಟು ತೋರಿಸಿದ. "ಇಲ್ಲಿ ತಂದೆ ಎಲ್ಲಿದ್ದಾರೆ? ನಿಮ್ಮ ಹೆಸರಿದೆ. ನಿಮ್ಮ ಬಾಟ್ಲಿ. ಬಾಯೀಜಿ, ಎಲ್ಲರೂ ಅಪ್ಪನಿಗೆ ಬೇಕು, ಅಜ್ಜಿಗೆ ಬೇಕು ಎಂದೇ ಕೇಳುತ್ತಾರೆ. ಕುಡಿಯುವವರು ನೀವೇ ಎಂದು ಬರೆದು ಸಹಿ ಮಾಡಿದರೆ ಕೊಡುತ್ತೇನೆ. ಸುಳ್ಳು ಹೇಳುವವರಿಗೆ ಕೊಡುವುದಿಲ್ಲ." ಗೆಳೆಯರು ನಕ್ಕರು. ಬಾಗಿಲ ಹೊರಗೆ ಏಳೆಂಟು ಜನ ಸೇರಿದ್ದರು. ಜಮಾದಾರರನ್ನು ಬಿಟ್ಟು ಚಂದ್ರಪ್ಪನೂ ಬಂದು ಕತ್ತು ಚಾಚಿ ನಿಂತಿದ್ದ.

ನಾನು ಕನ್ನಡದಲ್ಲೇ ಹೇಳಿದೆ. "ಹೌದು, ನಾನ ಕುಡಕಿ. ಕೊಡ್ರಿ ಆ ಪೆನ್ನು."

ಅವನು ಇಂಗ್ಲಿಷಿನಲ್ಲಿ ಏನೋ ಬರೆದ. ಓದಿದೆ. ಮುಖ್ಯಾಧ್ಯಾಪಕಿ, ಹಾನಗಲ್, ವ್ಯಸನಿ, ಸ್ವಂತ ಉಪಯೋಗಕ್ಕೆ. ಕೆಳಗೆ ಸ್ವಚ್ಛವಾಗಿ, ಬೋರ್ಡಿನ ಮೇಲೆ ಬರೆಯುವ ಅಕ್ಷರದಲ್ಲಿ ಸಹಿ ಮಾಡಿದೆ. ಅವನ ನಗು ಅಲ್ಲಿಗೆ ನಿಂತಿತು. ಅವನು ಅದನ್ನು ನಿರೀಕ್ಷಿಸಿರಲಿಲ್ಲ.

ಕ್ಯಾಬಿನ್ನಿಗೆ ಬಂದು ಒಂದೂವರೆ ಔನ್ಸು ಅಳೆದು ಬಾಯಿಗೆ ಹಿಡಿದೆ. ಒಂದು ಗುಟುಕು ತೆಗೆದುಕೊಂಡು ಅವರು ನಿಲ್ಲಿಸಿದರು. ನಡುಗುತ್ತಿದ್ದ ಮುಖದಲ್ಲಿ ಕಣ್ಣು ಮಾತ್ರ ಸ್ಥಿರವಾಯಿತು.

"ಮೂರಕ್ಕ ಒಂದು ಪಾಲು ನೀರು ಬೆರಸ್ಯಾರ. ಬಣ್ಣಕ್ಕ ಚಾದ ಡಿಕಾಕ್ಷನ್. ಬೆಳಿಗ್ಗೆ ಮಾಡಿದ್ದು."

ಬಾಟ್ಲಿ ಹಿಡಿದು ಮತ್ತೆ ಹೋದೆ. ಎಲ್ಲರೂ ಇನ್ನೂ ಅಲ್ಲೇ ಇದ್ದರು. ಜಮಾದಾರರು ಹೇಳಿದ್ದನ್ನು ಅವರ ಮಾತಿನಲ್ಲೇ, ಈ ಸಲ ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮೇಜಿನ ಕೆಳಗೆ ಚಹದ ಕಿಟ್ಲಿ ಇತ್ತು. ಗೆಳೆಯರಿಬ್ಬರೂ ಎದ್ದು ಕಿಡಕಿಯ ಕಡೆಗೆ ಹೋದರು. ಅಧಿಕಾರಿ ತನ್ನ ಕಪಾಟಿನಿಂದ ಬೇರೆ ಬಾಟ್ಲಿ ತೆಗೆದುಕೊಟ್ಟ. ಬಿಳಿ ಡ್ರೆಸ್ಸಿನ ಕಳ್ಳ. ಗಡಿಗೆ ಒಡೆಯುವವರು ಇವನಿಗಿಂತ ನೂರು ಪಾಲು ಮೇಲು. ಅವರು ಒಡೆಯುವುದಾದರೂ ಎಲ್ಲರ ಕಣ್ಣೆದುರಿಗೆ.

ಆರು ಗಂಟೆಗೆ ನಡುಕ ನಿಂತಿತು. ಈಗ ಕಿಡಕಿಯ ಬಳಿ ಕುಂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದಾರೆ. ನನ್ನ ಬೆರಳಿನಿಂದ ಬ್ರಾಂಡಿಯ ವಾಸನೆ ಹೋಗುತ್ತಿಲ್ಲ.

೨೭ ನವೆಂಬರ್. ಮುಂಬಯಿ

ಉಳಿದದ್ದನ್ನು ಮುಂಜಾನೆ ನಾನೇ ಸಮುದ್ರಕ್ಕೆ ಸುರಿದೆ. ಮುಂಬಯಿಯಲ್ಲಿ ಇಳಿಯುವವರನ್ನು ಜಡತಿ ಮಾಡಿ ಚೀಲವೆಲ್ಲ ಹುಡುಕುತ್ತಾರೆ. ಅದಕ್ಕೆ ಮೊದಲು ಅಪ್ಪನಿಗೆ ಮುಂಜಾನೆಯ ಪಾಲು ಕೊಟ್ಟೆ.

ನೀಲಪ್ಪ ಬಂದರಿನ ಧಕ್ಕೆಗೆ ಬಂದಿದ್ದ. ಅಪ್ಪನ ಕಾಲು ಮುಟ್ಟಲಿಲ್ಲ. ನನ್ನನ್ನು ಬದಿಗೆ ಕರೆದು, "ಅಕ್ಕಾ, ಏನ್ ಬರದುಕೊಟ್ಟಿ ರಿಜಿಸ್ಟರದಾಗ? ನನ್ನ ಪಾಸಿನ ಮ್ಯಾಲೆ ಬಂದಾಕಿ ನೀ. ಆಫೀಸಿನಾಗ ನನ್ನ ಮಾರಿ ಹೆಂಗ ತೋರಸ್ಲಿ?" ಎಂದ. ಆಗಬೋಟು ಕಟ್ಟಿ ಅರ್ಧ ತಾಸು ಆಗಿರಲಿಲ್ಲ, ಸುದ್ದಿ ನಮಗಿಂತ ಮುಂಚೆ ಇಳಿದಿತ್ತು.

"ಮಾರಿ ತೊಳಕೊಂಡು ತೋರ್ಸು" ಅಂದೆ.

೨೯ ನವೆಂಬರ್

ಎರಡು ಕೋಣೆಯ ಮನೆ. ಗೋಡೆಗೆ ಗಾಜಿನ ಕಪಾಟು. ಅದರೊಳಗೆ ಪರದೇಶದ ವಿಸ್ಕಿ, ಹಡಗಿನ ಖಲಾಶಿಗಳಿಂದ ಕೊಂಡದ್ದು, ದೊಡ್ಡ ಅಧಿಕಾರಿಗಳು ಬಂದಾಗ ಕೊಡಲಿಕ್ಕೆ. ಈ ಊರಿನಲ್ಲೂ ದಾರೂಬಂದಿ ಇದೆ. ಆದರೆ ಕುಡುಕ ಎಂದರೆ ಅಪ್ಪ ಒಬ್ಬರೇ. ಅವರ ಹಾಸಿಗೆ ಹೊರಗಿನ ವರಾಂಡದಲ್ಲಿ, ಚಪ್ಪಲಿಗಳ ಪಕ್ಕ. ಪಕ್ಕದ ಮನೆಯವರು ಯಾರೆಂದು ಕೇಳಿದಾಗ ನೀಲಪ್ಪ, ಊರಿನ ಕಡೆಯವರು ಎಂದ.

ಬಂದ ದಿನವೇ ಅಪ್ಪನ ಮುಂದಿನ ಪಾಲಿಗೆ ಏನು ಮಾಡುವುದು ಎಂದು ನಾನು ಯೋಚಿಸುತ್ತಿದ್ದಾಗ ನೀಲಪ್ಪನ ಹೆಂಡತಿ ಸುಶೀಲವ್ವ ಮೆಲ್ಲಗೆ ಬಂದು ಕಪಾಟಿನ ಬೀಗದ ಕೈ ನನ್ನ ಕೈಯಲ್ಲಿಟ್ಟಳು. "ತಗೋರಿ ಅಕ್ಕಾರ. ಮಾವಾರಿಗೆ ಎಷ್ಟು ಬೇಕು ಅಷ್ಟು ಅಳೀರಿ. ಆ ಬಾಟ್ಲಿ ನೋಡಿ ನನಗೂ ಸಾಕಾಗೇತಿ." ಈ ಮನೆಯಲ್ಲಿ ಮನುಷ್ಯರು ಎಂದು ಇರುವವಳು ಅವಳೊಬ್ಬಳು.

ಇವತ್ತು ಸಂಜೆ ನೀಲಪ್ಪ ಮಾತು ತೆಗೆದ. ಊರ ಹೊರಗೆ ಹುಚ್ಚರ ಆಸ್ಪತ್ರೆ ಇದೆಯಂತೆ, ಒಬ್ಬರ ಪರಿಚಯ ಇದೆಯಂತೆ, ಸೋಮವಾರ ಸೇರಿಸುವುದಂತೆ. "ಅಲ್ಲೆ ಬಿಟ್ರ ತಾನ ಬಿಡ್ತಾನ ಕುಡಿಯೂದು. ನೀ ನಿಶ್ಚಿಂತಿಲೆ ಊರಿಗೆ ಹೋಗು."

ನಾನು ಬಯಸಿದ್ದೂ ಅದನ್ನೇ ಅಲ್ಲವೇ, ನಿಶ್ಚಿಂತೆಯಿಂದ ಊರಿಗೆ ಹೋಗುವುದನ್ನು. ಆದರೆ ಡಾಕ್ಟರು ಒಂದು ಹೊತ್ತೂ ತಪ್ಪಿಸಬೇಡಿ ಎಂದಿದ್ದಾರೆ. ಅಲ್ಲಿ ಯಾರು ಅಳೆಯುತ್ತಾರೆ? ಇಷ್ಟು ದಿನದ ನನ್ನ ದುಡಿತ ಹಾಳಾಗುತ್ತದೆ. ಕಾರಣ ಅಷ್ಟೇ.

ಅಪ್ಪ ವರಾಂಡದಲ್ಲಿ ಕುಂತು ಎಲ್ಲ ಕೇಳಿಸಿಕೊಂಡಿದ್ದರು. ಚಪ್ಪಲಿಗಳನ್ನು ಜೋಡಿ ಮಾಡಿ ಸಾಲಾಗಿ ಇಡುತ್ತಿದ್ದರು.

೧ ಡಿಸೆಂಬರ್. ರೈಲು

ಇಬ್ಬರೂ ವಾಪಸು. ಸುಶೀಲವ್ವ ಕೆಮ್ಮಿನ ಔಷಧದ ಬಾಟ್ಲಿಗೆ ವಿಸ್ಕಿ ತುಂಬಿಕೊಟ್ಟಿದ್ದಾಳೆ. ಕೂಸಿನ ದುಪ್ಪಟಿಯಲ್ಲಿ ಇಟ್ಟವಳನ್ನು ನಾನು ಮೊನ್ನೆ ಏನೆಂದು ಬರೆದೆನೋ ನೋಡುವುದಿಲ್ಲ.

೧೨ ಡಿಸೆಂಬರ್. ಹಾನಗಲ್

ಒಂದು ಔನ್ಸು.

ಚನ್ನವೀರಪ್ಪನವರು ಅಂಗಡಿಗೆ ಕರೆಸಿದ್ದರು. ಅಡಿಕೆ ಮೂಟೆಗಳ ನಡುವೆ ಲೋಡಿಗೆ ಒರಗಿ ಬಹಳ ದುಃಖದ ಮುಖ ಮಾಡಿಕೊಂಡಿದ್ದರು. ಚಂದ್ರಪ್ಪ ಎಲೆಯ ಹೆಡಿಗೆಯ ಜೊತೆಗೆ ಸುದ್ದಿಯನ್ನೂ ತಂದು ಹಂಚಿದ್ದಾನೆ. ಹಾನಗಲ್ಲಿನ ಅಕ್ಕೋರು ಆಗಬೋಟಿನಲ್ಲಿ ಸೆರೆಗಾಗಿ ಜಗಳಾಡಿ, ವ್ಯಸನಿ ಎಂದು ಸಹಿ ಮಾಡಿ, ಬಾಟ್ಲಿ ಹೊತ್ತುಕೊಂಡು ಹೋದರು ಎಂದು.

"ನನಗ ಗೊತ್ತೈತಿ ಅಕ್ಕೋರ, ಅದು ಅಜ್ಜಪ್ಪನ ಸಲುವಾಗಿ ಅಂತ. ನೀವು ಒಂದು ಕಾಗದದಾಗ ಬರದುಕೊಡ್ರಿ. ನಮ್ಮಪ್ಪ ಕುಡುಕ, ಅವನ ಕಾಟಕ್ಕ ಹಿಂಗಾತು, ತಪ್ಪಾತು ಅಂತ. ಸಮಿತಿ ಮುಂದ ಓದಿ ಮುಗಿಸಿಬಿಡೂಣು."

ಇದನ್ನು ನಾಲ್ಕು ವರ್ಷದಿಂದ ಊರ ಮುಂದೆ ನಾನೇ ಬಾಯಿಬಿಟ್ಟು ಹೇಳಿಕೊಂಡು ಬಂದಿದ್ದೇನೆ. ಬರೆಯುವುದಕ್ಕೆ ಎರಡು ನಿಮಿಷ ಸಾಕು.

೧೬ ಡಿಸೆಂಬರ್

ಬರೆದುಕೊಟ್ಟೆ. "ಆಗಬೋಟಿನಲ್ಲಿ ಮದ್ಯದ ಬಾಟ್ಲಿ ಕೇಳಿ ಪಡೆದದ್ದು ನಿಜ. ಸಹಿ ನನ್ನದೇ. ಅದರ ಬಗ್ಗೆ ಹೇಳಬೇಕಾದದ್ದು ಬೇರೇನೂ ಇಲ್ಲ." ಚನ್ನವೀರಪ್ಪ ಅದನ್ನು ಎರಡು ಸಲ ಓದಿ, "ಇದೇನ್ರಿ ಅಕ್ಕೋರ, ಅಪ್ಪನ ಹೆಸರ ಇಲ್ಲಲ್ಲ?" ಎಂದರು.

"ಅವರು ಸಹಿ ಮಾಡಿಲ್ಲರಿ, ನಾ ಮಾಡೇನಿ."

ಈ ಮನುಷ್ಯನಿಗೆ ಅಪ್ಪನ ಹೆಸರನ್ನು ಚಟ್ನಿಯ ಹಾಗೆ ನೆಕ್ಕಲು ಯಾಕೆ ಕೊಡಬೇಕು? ಹಾರ ಹಾಕಿಸಿಕೊಳ್ಳುವ ಕೊರಳು.

೪ ಜನವರಿ ೧೯೬೪. ಆಡೂರು

ಮುಖ್ಯಾಧ್ಯಾಪಕಿ ಪದ ಹೋಯಿತು. ಸಮಿತಿಯದೇ ಇನ್ನೊಂದು ಶಾಲೆ ಇಲ್ಲಿದೆ, ಒಂದು ಕೋಣೆ, ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ. ಶಿಕ್ಷೆ ಎಂದು ಕಳಿಸಿದ್ದಾರೆ. ಮಕ್ಕಳು ಚೂಟಿಯಾಗಿದ್ದಾರೆ. ಅಪ್ಪನಿಗೆ ಗುಡಿಯ ಹತ್ತಿರದ ಹಳೆಯ ಶಾಸನದ ಕಲ್ಲಿನ ಪಕ್ಕ ಬಿಸಿಲಿಗೆ ಕುಂತುಕೊಳ್ಳುವುದು ಹಿಡಿಸಿದೆ. ಯಾಕೆ ಇಲ್ಲಿಗೆ ಬಂದೆವು ಎಂದು ಕೇಳಿದರು. ವರ್ಗ ಆಯಿತು, ಸರದಿಯಂತೆ ಆಗುತ್ತದೆ ಎಂದೆ.

ನಿನ್ನೆಗೆ ಸೊನ್ನೆ.

೧೬ ಜನವರಿ

ಸಂಕ್ರಾಂತಿಯ ದಿನ ಜಾರಿದರು. ಎಲ್ಲಿ ಸಿಕ್ಕಿತೋ, ಯಾರು ಕೊಟ್ಟರೋ. ಎಳ್ಳುಬೆಲ್ಲ ಮುಂದಿಟ್ಟುಕೊಂಡು ನಾನು ಕಾಯುತ್ತ ಕುಂತಿದ್ದೆ, ಗೋಡೆ ಹಿಡಿದು ಬಂದರು. ಬಾಯಿಗೆ ಬಂದಂತೆ ಬೈದೆ. ಊಟ ಮಾಡದೆ ಮಲಗಿದರು, ನಾನೂ ಮಲಗಿದೆ. ಮರುದಿನ ಡಾಕ್ಟರರಿಗೆ ಚೀಟಿ ಕಳಿಸಿ ಕೇಳಿದೆ. ಒಂದು ಸಲ ಬಿದ್ದರೆ ಮತ್ತೆ ಏಳಿಸಬೇಕು, ಅಷ್ಟೇ ಎಂದು ಉತ್ತರ ಬಂತು. ಏಳಿಸುತ್ತಿದ್ದೇನೆ.

೨೦ ಜನವರಿ, ಸೋಮವಾರ

ಸಂಜೆ ಶಾಲೆ ಬಿಟ್ಟು ಬಂದರೆ ಅಪ್ಪ ಮನೆಯಲ್ಲಿಲ್ಲ. ಕಲ್ಲಿನ ಬಳಿಯೂ ಇಲ್ಲ. ಟ್ರಂಕು ತೆರೆದಿತ್ತು, ಖಾಕಿ ಡ್ರೆಸ್ಸು ಇರಲಿಲ್ಲ. ಸೆರೆಗೆ ಮಾರಲು ಒಯ್ದರು ಎಂದುಕೊಂಡೆ. ಇವರನ್ನು ನಂಬಿದವಳು ನಾನೇ ಮೂರ್ಖಳು ಎಂದು ಬಾಗಿಲಲ್ಲಿ ಕುಂತೆ. ಹೊತ್ತು ಮುಳುಗುವಾಗ ಹಾನಗಲ್ಲಿನ ದಾರಿಯಲ್ಲಿ ಬರುವುದು ಕಂಡಿತು. ಮೈ ಮೇಲೆ ಖಾಕಿ, ಎರಡು ಮೈಗೆ ಸಾಕಾಗುವಷ್ಟು ಸಡಿಲ. ಕುಂಟುತ್ತಿದ್ದರು. ಕುಡಿದಿರಲಿಲ್ಲ.

ದುರಗವ್ವ ಸೊಪ್ಪು ತಂದಾಗ ವರ್ಗ ಯಾಕಾಯಿತು ಎಂಬುದನ್ನೆಲ್ಲ ಹೇಳಿಬಿಟ್ಟಿದ್ದಾಳೆ. ಇವತ್ತು ಹಾನಗಲ್ಲಿನ ತನಕ ನಡೆದು, ಶಾಲೆಯಲ್ಲಿ ಸಮಿತಿ ಸೇರಿದ್ದಾಗ ಒಳಗೆ ಹೋಗಿ ಸೆಲ್ಯೂಟ್ ಹೊಡೆದು ನಿಂತರಂತೆ. ಕುಂತುಕೊಳ್ಳಿ ಎಂದರೂ ಕುಂತಿಲ್ಲ. ತಾವೇ ಬರೆದ ಕಾಗದ ಓದಿದರಂತೆ. ನಕಲು ತಂದಿದ್ದಾರೆ, ನನ್ನ ಮುಂದೆ ಇದೆ.

"ಪಂಚನಾಮೆ. ನಾನು ಅಜ್ಜಪ್ಪ, ಪೆನ್ಶನ್ ಜಮಾದಾರ, ನನ್ನ ಸ್ವಂತ ತಪಾಸಣೆಯಿಂದ ಹೇಳುವುದೇನೆಂದರೆ, ಕುಡುಕ ನಾನು. ಹದಿನಾಲ್ಕು ವರ್ಷದಿಂದ. ಹೋದ ಸಂಕ್ರಾಂತಿಯಲ್ಲಿಯೂ ಕುಡಿದಿದ್ದೇನೆ. ನನ್ನ ಮಗಳು ಒಂದು ಹನಿಯೂ ಕುಡಿದವಳಲ್ಲ. ಆಗಬೋಟಿನಲ್ಲಿ ನನ್ನ ಜೀವ ಉಳಿಸಲು ಸುಳ್ಳು ಸಹಿ ಮಾಡಿದ್ದಾಳೆ. ಅವಳ ಗಂಡ ಎಂಟು ವರ್ಷದ ಹಿಂದೆ ತೀರಿಕೊಂಡ, ತಾಯಿ ಹೋದಳು, ಈಗ ನೌಕರಿಯ ಮಾನವನ್ನೂ ನೀವು ತೆಗೆಯಬಾರದು. ಪಂಚರ ಸಹಿ ಬೇಕು."

ಪಂಚರ ಸಹಿ ಮಾಡಿಸಿಕೊಂಡೇ ಬಂದಿದ್ದಾರೆ. ಚನ್ನವೀರಪ್ಪನದೂ ಇದೆ, ಎಲ್ಲರಿಗಿಂತ ಕೆಳಗೆ. ಮುಂದಿನ ತಿಂಗಳಿನಿಂದ ನಾನು ಹಾನಗಲ್ಲಿಗೆ ಮರಳಬಹುದಂತೆ. ಹೇಳಿ ಕಳಿಸಿದ್ದಾರೆ, ದಯಾಮಯರು. ಇನ್ನೂ ಉತ್ತರ ಬರೆದಿಲ್ಲ. ನಾಲ್ಕನೆಯ ಇಯತ್ತೆಯವರ ಪರೀಕ್ಷೆ ಹತ್ತಿರ ಬಂದಿದೆ.

"ಯಾರು ಹೋಗಂದಿದ್ರು ನಿಮಗ?" ಎಂದು ಕೂಗಿದೆ. "ಊರ ಮುಂದ ಹೋಗಿ ನಾ ಕುಡುಕ ಅಂತ ಓದತಾರೇನು ಯಾರರ? ಬುದ್ಧಿ ಐತೇನು? ಬಸ್ಸಿಗಾದ್ರೂ ಬರಬೇಕೋ ಬ್ಯಾಡೋ?"

"ಡ್ಯೂಟಿಗೆ ನಡದ ಹೋಗಬೇಕವ್ವ" ಅಂದರು.

ಇಂಥ ಹೆಡ್ಡ ಮನುಷ್ಯನನ್ನು ನಾನು ಎಲ್ಲಿಯೂ ಕಂಡಿಲ್ಲ. ಎರಡೂ ಹಿಮ್ಮಡಿ ಒಡೆದು ರಕ್ತ ಬಂದಿದೆ. ನೀರು ಕಾಯಿಸಿ ತೊಳೆದು ಎಣ್ಣೆ ಹಚ್ಚಿ ಬಟ್ಟೆ ಸುತ್ತಿದೆ. ಬೈಯುತ್ತಲೇ ಸುತ್ತಿದೆ. ಅವರು ನಿದ್ದೆ ಹೋಗಿದ್ದರು, ಎಷ್ಟು ಕೇಳಿಸಿತೋ ಗೊತ್ತಿಲ್ಲ. ನಾಳೆ ಅವರು ಎದ್ದು ನಡೆಯುವಂತಿಲ್ಲ. ಮಕ್ಕಳನ್ನೇ ಇಲ್ಲಿಗೆ ಕರೆಸಿ ಜಗಲಿಯ ಮೇಲೆ ಪಾಠ ಮಾಡಬೇಕು.